ಯಾವ ಊರಿನ ಮಹಾರಾಜ ಕಾಲೇಜು?

ಪಿಯುಸಿ ಫಲಿತಾಂಶ ಬಂದ ಮೇಲೆ ಹದಿನೈದು ದಿನ ಮೈಸೂರಿನ ಅಶೋಕಪುರಂನ ಟೀ ಅಂಗಡಿಗಳಲ್ಲಿ ರಾಜಕೀಯದ ಮಾತು ಕಡಿಮೆ. ಯಾರ ಮನೆ ಹುಡುಗಿಗೆ ಎಷ್ಟು ಬಂತು, ಯಾರ ಮಗನಿಗೆ ಗಣಿತ ಕೈಕೊಟ್ಟಿತು, ಯಾರು ಮತ್ತೆ ಪರೀಕ್ಷೆ ಕಟ್ಟಬೇಕು ಅನ್ನುವುದೇ ಸುದ್ದಿ. ಅಂಥ ಒಂದು ಬೆಳಿಗ್ಗೆ ನಮ್ಮ ಪಕ್ಕದ ಬೀದಿಯ ಹಿರಿಯರೊಬ್ಬರು ಪೇಪರ್ ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದರು. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು.

"ಮೇಷ್ಟ್ರೇ, ಮೊಮ್ಮಗಳು ಪಾಸಾದ್ಲು. ಸೈನ್ಸು. ನಮ್ ಸ್ಟೇಟಿಗೆಲ್ಲ ಹೆಸರುವಾಸಿ ಕಾಲೇಜು ಯಾವ್ದು ಅಂತ ಒಂದು ಹೇಳಿಬಿಡಿ. ಅಲ್ಲಿಗೇ ಹಾಕ್ಸೋಣ."

"ಹೆಸರುವಾಸಿ ಅಂದ್ರೆ ಯಾರಿಗಣ್ಣ?"

"ಇದೇನ್ ಮೇಷ್ಟ್ರೇ ಹಿಂಗ್ ಕೇಳ್ತೀರಿ? ಎಲ್ರಿಗೂ!"

ಎಲ್ಲರಿಗೂ ಗೊತ್ತಿರುವ ಕಾಲೇಜು. ಕೇಳಲು ಸರಳ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆ ಹೇಳುವಂತೆ ಕರ್ನಾಟಕದಲ್ಲಿರುವ ಕಾಲೇಜುಗಳು 4,430. ಉತ್ತರ ಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಮ್ಮದೇ ಹೆಚ್ಚು. ಹದಿನೆಂಟರಿಂದ ಇಪ್ಪತ್ಮೂರರ ವಯಸ್ಸಿನ ಲಕ್ಷ ಮಂದಿಗೆ ಎಷ್ಟು ಕಾಲೇಜು ಎಂದು ಲೆಕ್ಕ ಹಾಕಿದರೆ ನಮ್ಮದು 66, ದೇಶಕ್ಕೇ ಮೊದಲು. ಇಷ್ಟಿದ್ದೂ ಅಂಗಡಿಯಲ್ಲಿ ಕುಳಿತವರನ್ನು "ನಿಮಗೆ ಗೊತ್ತಿರೋ ಕಾಲೇಜಿನ ಹೆಸರು ಹೇಳಿ" ಎಂದು ಕೇಳಿದಾಗ ಹತ್ತು ಹನ್ನೊಂದು ಹೆಸರಿಗೆ ಸರಕು ಮುಗಿಯಿತು. ಮಹಾರಾಜ, ಮಹಾರಾಣಿ, ಯುವರಾಜ, ಎನ್‌ಐಇ, ಎಸ್‌ಜೆಸಿಇ, ಶಾರದಾ ವಿಲಾಸ, ಫಿಲೋಮಿನಾ, ಮೆಡಿಕಲ್ ಕಾಲೇಜು, ಬೆಂಗಳೂರಿನ ಕಡೆ ಆರ್‌ವಿ, ಬಿಎಂಎಸ್, ಆಮೇಲೆ ಮಣಿಪಾಲ. ಉಳಿದ ನಾಲ್ಕು ಸಾವಿರದ ನಾನೂರು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ.

ಆಟ ಮುಂದುವರಿಸಿ, ಬೇರೆ ರಾಜ್ಯಕ್ಕೆ ಒಂದೊಂದು ಹೇಳಿ ಎಂದೆ. ದೆಹಲಿ ಎಂದರೆ ಜೆಎನ್‌ಯು ಬಂತು. ಅದು ವಿಶ್ವವಿದ್ಯಾಲಯ, ಇರಲಿ. ತಮಿಳುನಾಡು ಎಂದರೆ "ಮದ್ರಾಸ್ ಐಐಟಿ". ಕೇರಳಕ್ಕೆ ಯಾರಿಗೂ ಏನೂ ಹೊಳೆಯಲಿಲ್ಲ. ಕೊನೆಗೆ ಪದವಿ ಓದುವ ಹುಡುಗನೊಬ್ಬ "ಮಹಾರಾಜಾಸ್, ಎರ್ನಾಕುಲಂ" ಎಂದ. ಮಲಯಾಳಂ ಸಿನಿಮಾ ನೋಡುವವನಿರಬೇಕು. "ಮಹಾರಾಜ ಕಾಲೇಜು ನಮ್ದಲ್ವೇನೋ?" ಎಂದು ಅಜ್ಜ ರೇಗಿದರು.

ನಮ್ಮದೂ ಹೌದು, ಅವರದೂ ಹೌದು. ಮೈಸೂರಿನದು ಮುಮ್ಮಡಿ ಕೃಷ್ಣರಾಜ ಒಡೆಯರ್ 1833ರಲ್ಲಿ ತೆರೆದ ಇಂಗ್ಲಿಷ್ ಶಾಲೆಯಿಂದ ಬೆಳೆದದ್ದು. ಎರ್ನಾಕುಲಂನದು 1875ರದು. ಜೈಪುರದಲ್ಲಿ 1844ರ ಮಹಾರಾಜ ಕಾಲೇಜಿದೆ, ಆಂಧ್ರದ ವಿಜಯನಗರಂನಲ್ಲಿ 1879ರದೊಂದಿದೆ. ತಿರುವನಂತಪುರದ ಈಗಿನ ಯೂನಿವರ್ಸಿಟಿ ಕಾಲೇಜಿಗೂ ಮೊದಲು ಇದ್ದದ್ದು ಮಹಾರಾಜರ ಹೆಸರೇ. ಒಂದೊಂದು ಊರಿನವರಿಗೂ ಮಹಾರಾಜ ಕಾಲೇಜು ಎಂದರೆ ತಮ್ಮದೊಂದೇ. ಇನ್ನೊಂದಿದೆ ಎಂದು ಗೊತ್ತಾದಾಗ ಆಗುವುದು ನಮ್ಮ ಅಜ್ಜನಿಗೆ ಆದ ಸಿಟ್ಟೇ.

ಈ ಹೆಸರುಗಳು ಜನರ ಬಾಯಿಗೆ ಬಿದ್ದದ್ದು ಹೇಗೆ? ಪಾಠ ಚೆನ್ನಾಗಿತ್ತು ಎಂಬುದು ಅರ್ಧ ಉತ್ತರ. ಇನ್ನರ್ಧ, ಅವು ಬಹಳ ಕಾಲ ಒಂಟಿಯಾಗಿದ್ದವು. ಗುವಾಹಟಿಯಲ್ಲಿ 1901ರಲ್ಲಿ ಕಾಟನ್ ಕಾಲೇಜು ಶುರುವಾದಾಗ ಅಸ್ಸಾಮಿನ ಹುಡುಗರಿಗೆ ಹತ್ತಿರದಲ್ಲಿ ಬೇರೆ ದಾರಿಯೇ ಇರಲಿಲ್ಲ. ಒಡಿಶಾಕ್ಕೆ ಕಟಕ್‌ನ ರೇವೆನ್‌ಷಾ, ಸಿಖ್ಖರಿಗೆ ಅಮೃತಸರದ ಖಾಲ್ಸಾ ಕಾಲೇಜು, ಹೈದರಾಬಾದಿಗೆ 1887ರ ನಿಜಾಮ್ ಕಾಲೇಜು. ವಕೀಲ, ಅಮಲ್ದಾರ, ಮೇಷ್ಟ್ರು, ಪತ್ರಕರ್ತ, ಮಂತ್ರಿ ಎಲ್ಲರೂ ಒಂದೇ ಬಾಗಿಲಿನಿಂದ ಬಂದವರಾದರೆ ಆ ಬಾಗಿಲು ಪ್ರಸಿದ್ಧವಾಗದೆ ಇನ್ನೇನಾದೀತು? ಬಾಗಿಲು ಕಟ್ಟಿಸಿದವರು ಮಾತ್ರ ಬೇರೆಬೇರೆ. ಕೆಲವು ಕಡೆ ಅರಮನೆ. ಕೆಲವು ಕಡೆ ಮಿಷನ್ನಿನವರು. ಕೋಟ್ಟಯಂನ ಸಿಎಂಎಸ್ 1817ರದು, ಮದ್ರಾಸ್ ಕ್ರಿಶ್ಚಿಯನ್ 1837ರದು, ಮಂಗಳೂರಿನ ಅಲೋಶಿಯಸ್ 1880ರದು. ಪುಣೆಯಲ್ಲಿ ಡೆಕ್ಕನ್ ಎಜುಕೇಶನ್ ಸೊಸೈಟಿಯವರು 1885ರಲ್ಲಿ ಫರ್ಗ್ಯುಸನ್ ಕಟ್ಟಿದರು. ಕಲ್ಕತ್ತೆಯಲ್ಲಿ ಊರ ದೊಡ್ಡವರೇ ದುಡ್ಡು ಹಾಕಿ ಮಾಡಿದ ಹಿಂದೂ ಕಾಲೇಜು ಮುಂದೆ ಪ್ರೆಸಿಡೆನ್ಸಿಯಾಯಿತು.

ಮೈಸೂರಿನ ಮಹಾರಾಜ ಕಾಲೇಜಿಗೆ ಹೆಸರು ತಂದವರಲ್ಲಿ ಮೇಷ್ಟರುಗಳ ಪಾಲು ದೊಡ್ಡದು. 1918ರಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದ ಸರ್ವೇಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರು. ಹಿರಿಯಣ್ಣ, ಬಿಎಂಶ್ರೀ, ವೆಂಕಣ್ಣಯ್ಯ, ಎ.ಆರ್. ಕೃಷ್ಣಶಾಸ್ತ್ರಿ ಇದ್ದ ಕಾಲವದು. ಆ ತರಗತಿಗಳಲ್ಲಿ ಓದಿದ ಕುವೆಂಪು ಅಲ್ಲೇ ಪ್ರಾಂಶುಪಾಲರಾದರು, ಆಮೇಲೆ ಕುಲಪತಿಯಾಗಿ ಮಾನಸಗಂಗೋತ್ರಿಗೆ ಹೆಸರಿಟ್ಟರು. ಆರ್.ಕೆ. ನಾರಾಯಣ್ ಓದಿದ್ದೂ ಅಲ್ಲೇ. ಅವರು ಕಾದಂಬರಿಗಾಗಿ ಕಟ್ಟಿದ ಮಾಲ್ಗುಡಿಯ ಆಲ್ಬರ್ಟ್ ಮಿಷನ್ ಕಾಲೇಜು ಇಟ್ಟಿಗೆ ಗಾರೆಯ ಎಷ್ಟೋ ಕಾಲೇಜಿಗಿಂತ ಹೆಚ್ಚು ಜನಕ್ಕೆ ಗೊತ್ತು. ತಮ್ಮ ಲಕ್ಷ್ಮಣ್ ಅವರದು ಇನ್ನೂ ತಮಾಷೆ. ಮುಂಬೈಯ ಜೆ.ಜೆ. ಕಲಾಶಾಲೆ ದೇಶಕ್ಕೇ ಹೆಸರುವಾಸಿ. ಅದು ಈ ಹುಡುಗನ ಚಿತ್ರ ನೋಡಿ ಸೇರಿಸಿಕೊಳ್ಳಲಿಲ್ಲ. ಲಕ್ಷ್ಮಣ್ ಮಹಾರಾಜ ಕಾಲೇಜಿನಲ್ಲಿ ಬಿಎ ಮಾಡಿ, ಅದೇ ಮುಂಬೈಗೆ ಹೋಗಿ ಚಿತ್ರ ಬರೆದೇ ಬದುಕಿದರು.

ಇಷ್ಟೆಲ್ಲ ನಿಜ. ಆದರೆ ದಲಿತರ ಬಡಾವಣೆಯಾದ ಅಶೋಕಪುರಂನಲ್ಲಿ ಕುಳಿತು ಹೇಳುವಾಗ ಇನ್ನೊಂದನ್ನೂ ಹೇಳಬೇಕಾಗುತ್ತದೆ. 1916ರ ಜುಲೈಯಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿತು. ಬ್ರಿಟಿಷ್ ಆಡಳಿತದ ಹೊರಗೆ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾಲಯ. ಎರಡು ವರ್ಷಕ್ಕೆ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಬೇಕಾಯಿತು. ಓದಿ ಸರ್ಕಾರಿ ಕೆಲಸ ಹಿಡಿದವರು ಬಹುಪಾಲು ಒಂದೇ ಸಮುದಾಯದವರು ಎಂಬ ಅಹವಾಲು ಅಷ್ಟು ಜೋರಾಗಿತ್ತು. ಅಸ್ಪೃಶ್ಯರ ಮಕ್ಕಳು ಮಾಮೂಲಿ ಶಾಲೆಯ ಒಳಗೆ ಕೂರಬಹುದೇ ಎಂಬ ಜಗಳ ಆಗಿನ್ನೂ ಹಸಿಯಾಗಿತ್ತು. ಅರಮನೆ ಮುಂದೆ ನಿಂತು ಮೀಸಲಾತಿ ತಂದದ್ದು ಮೈಸೂರಿನ ಹೆಗ್ಗಳಿಕೆಯೇ, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಸಾರೋಟು ಎಳೆದ ಹುಡುಗರ ಗುಂಪಿನಲ್ಲಿ ನಮ್ಮ ಕಡೆಯವರು ಎಷ್ಟಿದ್ದಾರು ಎಂದು ನಾನು ಯೋಚಿಸಿದ್ದಿದೆ. ಕಾಲೇಜಿನ ಹೆಸರು ಊರಿಗೆಲ್ಲ ಗೊತ್ತಿರುವುದು ಬೇರೆ, ಊರಿನವರೆಲ್ಲ ಆ ಗೇಟು ದಾಟಿರುವುದು ಬೇರೆ.

'ರಾಜ್ಯಕ್ಕೆಲ್ಲ ಹೆಸರುವಾಸಿ' ಎಂಬ ಮಾತಿನಲ್ಲಿ 'ರಾಜ್ಯ' ಅನ್ನುವುದೂ ತೊಡಕೇ. ಕರ್ನಾಟಕ ಒಂದಾದದ್ದು 1956ರಲ್ಲಿ. ಕಾಲೇಜುಗಳ ಕೀರ್ತಿ ಅದಕ್ಕಿಂತ ಹಳೆಯದು, ಹಳೆಯ ಗಡಿಗಳ ಒಳಗೆ ಬೆಳೆದದ್ದು. ಧಾರವಾಡದ ಕಡೆಯವರಿಗೆ ದೊಡ್ಡ ಊರು ಎಂದರೆ ಪುಣೆ, ಮುಂಬೈ. ಬೇಂದ್ರೆ ಬಿಎ ಓದಿದ್ದು ಫರ್ಗ್ಯುಸನ್‌ನಲ್ಲಿ. 1917ರಲ್ಲಿ ಧಾರವಾಡದಲ್ಲೇ ಕರ್ನಾಟಕ ಕಾಲೇಜು ಶುರುವಾದ ಮೇಲೆ ಆ ಕಡೆಯವರಿಗೆ ತಮ್ಮದು ಅಂತ ಒಂದಾಯಿತು. ಅದಕ್ಕೆ ಒಂದು ವರ್ಷ ಮೊದಲು ಬೆಳಗಾವಿಯಲ್ಲಿ ಏಳು ಜನ ಮೇಷ್ಟರು ಸೇರಿ ಕೆಎಲ್ಇ ಸಂಸ್ಥೆ ಕಟ್ಟಿದ್ದರು. ಕರಾವಳಿಯವರು ಮದ್ರಾಸಿನ ಕಡೆ ಮುಖ ಮಾಡಿದವರು, ಕಲಬುರಗಿಯವರು ಹೈದರಾಬಾದಿನ ಕಡೆ. ನಮ್ಮಜ್ಜನಿಗೆ ಕರ್ನಾಟಕ ಕಾಲೇಜು ಎಲ್ಲಿದೆ ಗೊತ್ತಿಲ್ಲ. ಧಾರವಾಡದ ಅಜ್ಜನಿಗೆ ಶಾರದಾ ವಿಲಾಸ ಎಂದರೆ ಕಲ್ಯಾಣ ಮಂಟಪದ ಹೆಸರಂತೆ ಕೇಳಿಸೀತು.

ಕಾಸರಗೋಡಿಗೆ ಹೋದರೆ ರಾಜ್ಯವಾರು ಪಟ್ಟಿ ಇನ್ನೂ ಸಡಿಲಾಗುತ್ತದೆ. ಅಲ್ಲಿನ ಸರ್ಕಾರಿ ಕಾಲೇಜು 1957ರದು. ಕನ್ನಡ ವಿಭಾಗವಿದೆ, ಗಡಿಯಾಚೆಯ ಕನ್ನಡಕ್ಕೆ ಅದು ದೊಡ್ಡ ಆಸರೆ. ಆದರೆ ಕೇರಳದ ಹೆಸರುವಾಸಿ ಕಾಲೇಜುಗಳು ಎಂದು ತಿರುವನಂತಪುರದಲ್ಲಿ ಪಟ್ಟಿ ಮಾಡುವವರ ಬಾಯಲ್ಲಿ ಅದು ಮೊದಲಿಗೆ ಬರಲಾರದು. ಮಂಜೇಶ್ವರದ ಕನ್ನಡ ಮನೆಗೆ ಎರ್ನಾಕುಲಂ ರಾತ್ರಿ ರೈಲಿನ ದೂರ. ಮಂಗಳೂರು ಬಸ್ ಹತ್ತಿ ಇಳಿಯುವಷ್ಟು ಹತ್ತಿರ. ಅವರ ಕಿವಿಗೆ ಬೀಳುವ ಹೆಸರು ಅಲೋಶಿಯಸ್. ಗಡಿ ದಾಟಿದರೆ ಫೀಸು, ಮೀಸಲಾತಿ, ವಾಸದ ದಾಖಲೆ ಎಲ್ಲ ಬದಲಾಗುತ್ತದೆ, ಅದು ಬೇರೆ ಗೋಳು.

'ಕಾಲೇಜು' ಎಂಬ ಶಬ್ದವೇ ಎಲ್ಲ ಕಡೆ ಒಂದಲ್ಲ. ತಮಿಳುನಾಡಿನಲ್ಲಿ, ಈಗಿನ ಕೇರಳದಲ್ಲಿ, ಹನ್ನೊಂದು ಹನ್ನೆರಡನೇ ತರಗತಿ ಎಂದರೆ ಪ್ಲಸ್ ಟು, ಅಂದರೆ ಶಾಲೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಹುಡುಗ 'ಕಾಲೇಜಿಗೆ' ಹೋಗುತ್ತಾನೆ, ಹದಿನಾರಕ್ಕೇ ಮೀಸೆ ತಿರುವುತ್ತಾನೆ. ಹಾಗಾಗಿ ನಮ್ಮ ಜನರ ನಾಲಿಗೆಯ ಮೇಲಿರುವ ಎಷ್ಟೋ ಕಾಲೇಜು ಪದವಿ ಕಾಲೇಜೇ ಅಲ್ಲ, ಪಿಯು ಕಾಲೇಜು. ಮೈಸೂರಿನಲ್ಲಿ "ಮರಿಮಲ್ಲಪ್ಪದಲ್ಲಿ ಸೀಟು ಸಿಕ್ತು" ಎಂದು ಸಿಹಿ ಹಂಚಿದವರನ್ನು ಕಂಡಿದ್ದೇನೆ; ಆ ಹುಡುಗ ಮುಂದೆ ಪದವಿ ಎಲ್ಲಿ ಓದಿದ ಎಂದರೆ ಮನೆಯವರೇ ತಲೆ ಕೆರೆದುಕೊಳ್ಳುತ್ತಾರೆ. ತೆಲುಗು ರಾಜ್ಯಗಳಲ್ಲಿ ಇದು ಇನ್ನೂ ವಿಪರೀತ. ಅಲ್ಲಿ ಗೋಡೆ ಗೋಡೆಯ ಮೇಲೆ ಕಾಣುವುದು ಇಂಟರ್‌ಮೀಡಿಯೆಟ್ ಕಾಲೇಜುಗಳ ಹೆಸರು, ಸಾಲಾಗಿ ಹುಡುಗರ ಫೋಟೋ, ಕೆಳಗೆ ರ‍್ಯಾಂಕು. ಕಾಲೇಜಿನ ಹೆಸರನ್ನು ಮೇಷ್ಟರು ಹೊತ್ತಿದ್ದ ಕಾಲ ಹೋಗಿ ಫ್ಲೆಕ್ಸು ಹೊತ್ತ ಕಾಲ ಬಂದಿದೆ.

ಕರ್ನಾಟಕಕ್ಕೆ ದೇಶದಲ್ಲಿ ಇನ್ನೊಂದು ಬಗೆಯ ಹೆಸರೂ ಇತ್ತು. ನೆನಪಿಸಿಕೊಂಡರೆ ಅಷ್ಟು ಹಿತವಲ್ಲ. 1946ರಲ್ಲಿ ಬೆಂಗಳೂರಿನಲ್ಲಿ ಬಿಎಂಎಸ್, ಮೈಸೂರಿನಲ್ಲಿ ಎನ್‌ಐಇ, 1953ರಲ್ಲಿ ಮಣಿಪಾಲದ ಮೆಡಿಕಲ್ ಕಾಲೇಜು, ಹೀಗೆ ಖಾಸಗಿಯವರು ವೃತ್ತಿಶಿಕ್ಷಣಕ್ಕೆ ಕೈಹಾಕಿದ ಮೊದಲ ನಾಡುಗಳಲ್ಲಿ ನಮ್ಮದೊಂದು. ಮೊದಮೊದಲು ಅದು ಸಾಹಸ. ಎಪ್ಪತ್ತು, ಎಂಬತ್ತರ ದಶಕಕ್ಕೆ ಬಂದಾಗ ಮಠ, ಜಾತಿ ಸಂಘ, ರಾಜಕಾರಣಿ ಎಲ್ಲರೂ ಕಾಲೇಜು ತೆಗೆದರು, ಉತ್ತರ ಭಾರತದ ಹುಡುಗರು ಸೂಟ್‌ಕೇಸಿನೊಂದಿಗೆ ಇಳಿದರು, ಕ್ಯಾಪಿಟೇಶನ್ ಎಂಬ ಪದ ಕನ್ನಡದ್ದೇ ಆಗಿಹೋಯಿತು. 1984ರಲ್ಲಿ ಅದರ ವಿರುದ್ಧ ಕಾಯ್ದೆ ಬಂತು. ಆಮೇಲೂ ತುಮಕೂರಿನ ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಮೀರಠ್‌ನಿಂದ ಬಂದ ಮೋಹಿನಿ ಜೈನ್ ಸುಪ್ರೀಂ ಕೋರ್ಟಿಗೆ ಹೋದರು. 1992ರ ತೀರ್ಪು ಕ್ಯಾಪಿಟೇಶನ್ ಸಲ್ಲದು ಎಂದಿತು. ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸೀಟುಗಳನ್ನು ಅಂಕದ ಮೇಲೆ ಹಂಚುವ ಏರ್ಪಾಡು ಬಂತು. ನಮ್ಮ ಸಿಇಟಿ 1994ರಲ್ಲಿ ಶುರುವಾದದ್ದು ಈ ಹಿನ್ನೆಲೆಯಲ್ಲಿ.

ಸಿಇಟಿ ಬಂದು ಕಾಲೇಜಿನ ಕೀರ್ತಿಯನ್ನು ಅಂಕಿಗೆ ಇಳಿಸಿತು. ಹೋದ ವರ್ಷ ಯಾವ ಕಾಲೇಜಿನ ಯಾವ ಬ್ರಾಂಚು ಎಷ್ಟನೇ ರ‍್ಯಾಂಕಿಗೆ ಮುಚ್ಚಿತು ಎಂಬುದೇ ಈಗ ಕೀರ್ತಿ. ಒಳ್ಳೆ ರ‍್ಯಾಂಕಿನವರು ಹೋಗುವ ಕಾಲೇಜು ಹೆಸರುವಾಸಿ. ಹೆಸರುವಾಸಿ ಎಂದು ಒಳ್ಳೆ ರ‍್ಯಾಂಕಿನವರು ಮತ್ತೆ ಅಲ್ಲಿಗೇ. ಗಾಣದ ಎತ್ತಿನ ಸುತ್ತು. ಒಳಗೆ ಪಾಠ ಹೇಗಿದೆ ಎಂಬುದು ಈ ಸುತ್ತಿನಲ್ಲಿ ಎಲ್ಲೂ ಬರುವುದಿಲ್ಲ.

ಸರ್ಕಾರವೂ 2016ರಿಂದ ವರ್ಷವರ್ಷ ಎನ್‌ಐಆರ್‌ಎಫ್ ಪಟ್ಟಿ ಕೊಡುತ್ತಿದೆ. ಮೇಷ್ಟರೆಷ್ಟು, ಸಂಶೋಧನೆಯೆಷ್ಟು, ಎಷ್ಟು ಜನ ಪಾಸಾದರು, ಹೆಣ್ಣುಮಕ್ಕಳು ಮತ್ತು ಬಡವರ ಮಕ್ಕಳು ಎಷ್ಟು ಎಂದು ಅಳೆಯುತ್ತಾರೆ. ನೂರರಲ್ಲಿ ಹತ್ತು ಅಂಕ ಮಾತ್ರ 'ಜನಾಭಿಪ್ರಾಯ'ಕ್ಕೆ. ಜನ ಎಂದರೆ ನೀವು ನಾವಲ್ಲ. ಕೆಲಸ ಕೊಡುವ ಕಂಪನಿಯವರು, ಬೇರೆ ಕಡೆಯ ಪ್ರಾಧ್ಯಾಪಕರು. ಕಾಲೇಜುಗಳ ಪಟ್ಟಿಯಲ್ಲಿ 2017ರಿಂದ 2023ರವರೆಗೆ ದೆಹಲಿಯ ಮಿರಾಂಡಾ ಹೌಸ್ ಮೊದಲು, 2024ರಲ್ಲಿ ದೆಹಲಿಯದೇ ಹಿಂದೂ ಕಾಲೇಜು. ಮೊದಲ ನೂರರಲ್ಲಿ ದೆಹಲಿ, ತಮಿಳುನಾಡು, ಕೇರಳದವೇ ಹೆಚ್ಚು. 4,430 ಕಾಲೇಜಿನ ಕರ್ನಾಟಕದ್ದು ಬೆರಳೆಣಿಕೆ. ಇದನ್ನು ನೋಡಿ ನಮ್ಮಲ್ಲಿ ಪದವಿ ಶಿಕ್ಷಣವೇ ಇಲ್ಲ ಎಂದು ಎದೆ ಬಡಿದುಕೊಳ್ಳುವವರಿದ್ದಾರೆ. ಪಟ್ಟಿಗೆ ಕಾಲೇಜೇ ಅರ್ಜಿ ಹಾಕಿ ಅಂಕಿ ಅಂಶ ಕೊಡಬೇಕು, ಹಾಕದವರನ್ನು ಅಳೆಯುವುದೇ ಇಲ್ಲ ಎಂಬುದನ್ನು ಅವರು ಮರೆಯುತ್ತಾರೆ. ಆದರೆ ಎದೆ ಬಡಿದುಕೊಳ್ಳಲು ಬೇರೆ ಕಾರಣ ಇಲ್ಲದಿಲ್ಲ. ರಾಜ್ಯದ 430ರಷ್ಟು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಎಷ್ಟು ವರ್ಷದಿಂದ ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ ಎಂಬುದು ಎಲ್ಲರಿಗೂ ಗೊತ್ತು. ಇದೇ ಮೈಸೂರಿನಲ್ಲಿ 2022ರ ಅಕ್ಟೋಬರಿನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಒಂದು ಭಾಗ ಕುಸಿದುಬಿತ್ತು. 1881ರಲ್ಲಿ ಹೆಣ್ಣುಮಕ್ಕಳ ಶಾಲೆಯಾಗಿ ಶುರುವಾದ ಸಂಸ್ಥೆ ಅದು. ಹೆಸರು ಗಟ್ಟಿಯಾಗಿತ್ತು, ಗೋಡೆ ಇರಲಿಲ್ಲ.

ಈ ಯಾವ ಪಟ್ಟಿಯಲ್ಲೂ ಇಲ್ಲದ ಇನ್ನೊಂದು ಪಟ್ಟಿ ಅಶೋಕಪುರಂನ ಗೋಡೆಗಳ ಮೇಲಿದೆ. ಏಪ್ರಿಲ್ 14ಕ್ಕೆ ನಮ್ಮಲ್ಲಿಗೆ ಬಂದು ನೋಡಿ. ಬ್ಯಾನರಿನಲ್ಲಿ ಬಾಬಾಸಾಹೇಬರ ಹೆಸರಿನ ಮುಂದೆ ಎಂ.ಎ., ಪಿ.ಎಚ್‌ಡಿ., ಡಿ.ಎಸ್‌ಸಿ., ಎಲ್.ಎಲ್.ಡಿ., ಡಿ.ಲಿಟ್., ಬಾರ್-ಅಟ್-ಲಾ ಎಂದು ಸಾಲಿಡಿದು ಬರೆದಿರುತ್ತದೆ. ಬೇರೆ ಯಾವ ನಾಯಕರ ಫೋಟೋದ ಕೆಳಗೂ ಜನ ಡಿಗ್ರಿ ಬರೆಸುವುದಿಲ್ಲ. ಇದೇ ಅಶೋಕಪುರಂನಲ್ಲಿ ಹುಟ್ಟಿದ ವಿ. ಶ್ರೀನಿವಾಸ ಪ್ರಸಾದ್ ಕೇಂದ್ರದಲ್ಲಿ ಮಂತ್ರಿಯಾದವರು; ಅವರು ಯಾವ ಕಾಲೇಜಿನಲ್ಲಿ ಓದಿದರು ಎಂದು ಇಲ್ಲಿ ಯಾರೂ ಚರ್ಚೆ ಮಾಡಿದ್ದು ನಾನು ಕೇಳಿಲ್ಲ. ಅಂಬೇಡ್ಕರ್ ಓದಿದ್ದು ಮಾತ್ರ ಎಲ್ಲರಿಗೂ ಬೇಕು. ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜು, ಬರೋಡದ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ, ಆಮೇಲೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್, ಗ್ರೇಸ್ ಇನ್. ಊರು ದಾಟದ ಅಜ್ಜಿಯೂ ಇಲ್ಲಿ ಕೊಲಂಬಿಯಾ ಎನ್ನುತ್ತಾಳೆ. ಬೆಂಗಳೂರಿನ ದೊಡ್ಡ ಬಡಾವಣೆಗಳಲ್ಲಿ ಆ ಹೆಸರು ಲಕ್ಷಗಟ್ಟಲೆ ಸಾಲದ ಲೆಕ್ಕದೊಂದಿಗೆ ಬರುತ್ತದೆ. ಇಲ್ಲಿ ಮನೆಯ ಹಿರಿಯರೊಬ್ಬರು ಓದಿ ಬಂದ ಊರಿನ ಹಾಗೆ ಬರುತ್ತದೆ.

ಅವರೇ ಕಟ್ಟಿದ ಕಾಲೇಜುಗಳ ಹೆಸರು ಇಲ್ಲಿ ಅಷ್ಟು ಗೊತ್ತಿಲ್ಲ ಎಂಬುದು ನನ್ನ ಕೊರಗು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಮಾಡಿ, ಮರುವರ್ಷ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಯುದ್ಧಕಾಲದ ಸೈನಿಕ ಬ್ಯಾರಕ್ಕುಗಳಲ್ಲಿ ಅದು ಶುರುವಾಯಿತು. 1950ರಲ್ಲಿ ಔರಂಗಾಬಾದಿನ ಕಾಲೇಜು, ಈಗಿನ ಮಿಲಿಂದ. ಮರಾಠವಾಡದ ಹಳ್ಳಿಗಳಿಂದ ಹಾಸಿಗೆ ಸುತ್ತಿಕೊಂಡು ಬಂದ ಹುಡುಗರಿಗೆ ಅಲ್ಲಿ ಹಾಸ್ಟೆಲ್ಲಿತ್ತು. ಮರಾಠಿಯ ದಲಿತ ಸಾಹಿತ್ಯದ ಒಂದು ಬೇರು ಆ ಆವರಣದಲ್ಲಿದೆ. ಮಹಾರಾಷ್ಟ್ರದ ಹೆಸರುವಾಸಿ ಕಾಲೇಜು ಯಾವುದು ಎಂದರೆ ಪುಣೆಯವರು ಫರ್ಗ್ಯುಸನ್ ಎನ್ನುತ್ತಾರೆ, ಮುಂಬೈಯವರು ಝೇವಿಯರ್ಸ್ ಎನ್ನುತ್ತಾರೆ, ಮರಾಠವಾಡದ ದಲಿತ ಕೇರಿಯವರು ಮಿಲಿಂದ ಎನ್ನುತ್ತಾರೆ. ಮೂರೂ ಸರಿ. ವೈಸರಾಯ್ ಮಂಡಳಿಯಲ್ಲಿದ್ದಾಗ ಅಂಬೇಡ್ಕರ್ ಹಟ ಹಿಡಿದು ತಂದ, 1944ರಲ್ಲಿ ಶುರುವಾದ ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನಕ್ಕಂತೂ ಕಾಲೇಜಿನ ಹಂಗೇ ಇಲ್ಲ. ನಮ್ಮ ಬೀದಿಯಲ್ಲಿ ಡಿಗ್ರಿ ಮಾಡಿದ ಮನೆಗಳ ಬಾಗಿಲು ತಟ್ಟಿ ಕೇಳಿದರೆ, ಓದಿಸಿದ್ದು ಯಾವ ಕಾಲೇಜು ಎನ್ನುವುದಕ್ಕಿಂತ ಮೊದಲು "ಸ್ಕಾಲರ್‌ಶಿಪ್ಪು, ಹಾಸ್ಟೆಲ್ಲು" ಎನ್ನುತ್ತಾರೆ.

ಟೀ ಆರಿತ್ತು. ಅಜ್ಜ ಇಷ್ಟನ್ನೂ ಕೇಳಿ, "ಅಂದ್ರೆ ನೀವು ಹೆಸರು ಹೇಳಲ್ಲ ಅಂತಾಯ್ತು" ಎಂದರು.

ಹೇಳಿದೆ. ಎನ್‌ಐಇ ಮಾನಂದವಾಡಿ ರಸ್ತೆಯಲ್ಲಿದೆ, ನಮ್ಮಿಂದ ನಡೆದು ಹೋಗುವಷ್ಟು ದೂರ. ಅಲ್ಲಿ ಓದಿ 1967ರಲ್ಲಿ ಬಿಇ ಮುಗಿಸಿದವರು ಎನ್.ಆರ್. ನಾರಾಯಣಮೂರ್ತಿ. ಅವರಿಗೆ ಐಐಟಿಯಲ್ಲಿ ಸೀಟು ಸಿಕ್ಕಿತ್ತು. ಮೇಷ್ಟರಾಗಿದ್ದ ತಂದೆಗೆ ಅಷ್ಟು ಖರ್ಚು ಭರಿಸುವುದು ಆಗುತ್ತಿರಲಿಲ್ಲ. ಮನೆಗೆ ನಿಲುಕಿದ ಕಾಲೇಜಿಗೆ ಸೇರಿದರು. ಈಗ ಅವರ ಹೆಸರಿನಿಂದ ಆ ಕಾಲೇಜಿನ ಹೆಸರನ್ನು ಗುರುತಿಸುವವರಿದ್ದಾರೆ. ಇದನ್ನು ಹೇಳಿದಾಗ ಅಜ್ಜ ಖುಷಿಯಾದರು. ಎಲ್ಲರೂ ನಾರಾಯಣಮೂರ್ತಿ ಆಗುವುದಿಲ್ಲ ಎಂದು ಸೇರಿಸುವ ಮನಸ್ಸಾಯಿತು, ಸುಮ್ಮನಾದೆ.

ಮೊಮ್ಮಗಳು ನನಗಿಂತ ಚುರುಕು. ಆಕೆಯ ಬಳಿ ಒಂದು ನೋಟ್‌ಬುಕ್ಕು. ಅದರಲ್ಲಿ ಕಾಲೇಜಿನ ಹೆಸರಿನ ಎದುರು ಗೆರೆ ಎಳೆದು ಮನೆಗಳು. ಎಷ್ಟು ಬಸ್ ಬದಲಿಸಬೇಕು, ಹುಡುಗಿಯರ ಹಾಸ್ಟೆಲ್ ಇದೆಯೇ, ಮೊದಲ ವರ್ಷದಲ್ಲಿ ಗಣಿತ ಬಿದ್ದವರಿಗೆ ಯಾರಾದರೂ ಕೂತು ಹೇಳಿಕೊಡುತ್ತಾರೆಯೇ, ಫೀಸು ಮರುಪಾವತಿ ತಡವಾದರೆ ಹಾಲ್ ಟಿಕೆಟ್ ತಡೆಹಿಡಿಯುತ್ತಾರೆಯೇ. ಕೊನೆಯ ಮನೆಗೆ ಉತ್ತರ ಸೀನಿಯರ್‌ಗಳಿಂದ ತಂದಿದ್ದಳು. ಯಾವ ರ‍್ಯಾಂಕಿಂಗ್‌ನಲ್ಲೂ ನಾನು ಕಾಣದ ಮನೆ ಅದು. ಕುಟುಂಬದ ವರಮಾನ ಎರಡೂವರೆ ಲಕ್ಷದ ಒಳಗಿದ್ದರೆ ವಿದ್ಯಾರ್ಥಿವೇತನ ಉಂಟು ಎಂಬುದು ಕಾಗದದ ಮಾತು. ಪೋರ್ಟಲ್ಲಿನಲ್ಲಿ ಜಾತಿ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರಿನ ಇನಿಷಿಯಲ್ ಒಂದೇ ಥರ ಇರಬೇಕು ಎಂಬುದು ಅವಳಿಗೆ ಗೊತ್ತಿತ್ತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ ಮೇಲೆ ಮಂಡ್ಯದ ಕಾಲೇಜೂ ಅವಳ ಪಟ್ಟಿಗೆ ಬಂದಿತ್ತು. ಮೊದಲಾಗಿದ್ದರೆ ಬಸ್ ಪಾಸಿನ ಲೆಕ್ಕದಲ್ಲೇ ಹೊಡೆದುಹೋಗುತ್ತಿತ್ತು.

ಸೈಬರ್ ಸೆಂಟರಿನಲ್ಲಿ ಸಿಇಟಿ ಸೀಟಿಗೆ ಆಪ್ಷನ್ ಎಂಟ್ರಿ ಮಾಡುವಾಗ ಅಜ್ಜನೂ ಪಕ್ಕದಲ್ಲಿ ಕುಳಿತಿದ್ದರಂತೆ. ಅಣಕು ಹಂಚಿಕೆಯಲ್ಲಿ ಬಂದದ್ದು ಬೆಂಗಳೂರಿನ ಕಾಲೇಜು. ಅಜ್ಜನ ಷಡ್ಡಕನ ಮನೆಯವರಿಗೂ ಗೊತ್ತಿರುವ ಹೆಸರು. ಅಜ್ಜ ಅವತ್ತು ರಾತ್ರಿ ಐದಾರು ಕಡೆ ಫೋನ್ ಮಾಡಿದರು. ಬೆಳಿಗ್ಗೆ ಮೊಮ್ಮಗಳು ಕ್ರಮ ಬದಲಿಸಿ, ಅದನ್ನು ಮೂರನೆಯದಕ್ಕೆ ಇಳಿಸಿದ್ದಳು. ಅಲ್ಲಿ ಹಾಸ್ಟೆಲ್ ಮೊದಲ ವರ್ಷದವರಿಗೆ ಸಿಗುವುದು ಖಾತ್ರಿಯಿಲ್ಲ ಎಂದು ಆಕೆಯ ನೋಟ್‌ಬುಕ್ಕಿನಲ್ಲಿತ್ತು. ಮೊದಲ ಸುತ್ತಿನಲ್ಲಿ ಮೈಸೂರಿನಲ್ಲೇ ಸೀಟು ಬಂತು. ಈ ಸೀಟು ಸಾಕು, ಸೇರುತ್ತೇನೆ ಎಂದರೆ ಚಾಯ್ಸ್ ಒಂದು. ಇದು ಇರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ನೋಡೋಣ ಎಂದರೆ ಚಾಯ್ಸ್ ಎರಡು. ಅಜ್ಜ ಎರಡು ಒತ್ತು ಎಂದರಂತೆ. ಅವಳು ಒಂದು ಒತ್ತಿದಳು.

ಮೊನ್ನೆ ಟೀ ಅಂಗಡಿಯಲ್ಲಿ ಯಾರೋ ಕೇಳಿದರು, "ಮೊಮ್ಮಗಳಿಗೆ ಎಲ್ಲಿ ಸಿಕ್ತಣ್ಣೋ?"

ಅಜ್ಜ ಪೇಪರಿನಿಂದ ತಲೆ ಎತ್ತಲಿಲ್ಲ. "ಇಲ್ಲೇ ಕಣಪ್ಪ, ಮಾನಂದವಾಡಿ ರೋಡು. ಮಧ್ಯಾಹ್ನ ಊಟಕ್ಕೆ ಮನೆಗ್ ಬರ್ತಾಳೆ."